ಏಳನೇ ನಂಬರಿನ ಲಿವರ್‌ಗಳು

1986ರ ಮಾರ್ಚ್ 11, ಮಂಗಳವಾರ, ಬೆಳಿಗ್ಗೆ 9.20. ರಾಜಾಜಿನಗರದ ಎರಕದ ಕಾರ್ಖಾನೆಯೊಂದರ ಮಾಲೀಕ ನಾರಾಯಣಪ್ಪ ಠಾಣೆಗೆ ಬಂದು ದೂರು ಕೊಟ್ಟರು. ಬಸ್ಸಿನ ಬ್ರೇಕಿಗೆ ಹೋಗಬೇಕಿದ್ದ ಹದಿನೆಂಟು ಉಕ್ಕಿನ ಲಿವರ್‌ಗಳು ಕಳುವಾಗಿದ್ದವು. ಎಫ್‌ಐಆರ್ ದಾಖಲಾಯಿತು.

ಹನ್ನೊಂದಕ್ಕೆ ಇನ್‌ಸ್ಪೆಕ್ಟರ್ ದೊಡ್ಡಣ್ಣ ಪ್ಯಾಕಿಂಗ್ ಕೋಣೆ ನೋಡಿದರು. ಬೀಗ ಒಡೆದಿರಲಿಲ್ಲ. ಅರವತ್ತು ಲಿವರ್‌ಗಳಲ್ಲಿ ಹದಿನೆಂಟನ್ನು ಮಾತ್ರ ಅಲ್ಲಲ್ಲಿಂದ ತೆಗೆದಿದ್ದರು.

"ಸೊಪ್ಪು ಆರಿಸ್ದಂಗೆ ಆರ್ಸಿದಾನೆ ಸಾರ್," ಎಂದ ಕಾನ್‌ಸ್ಟೆಬಲ್ ಮುನಿರಾಜು.

ದೊಡ್ಡಣ್ಣ ಫೋರ್‌ಮನ್ ಚಿಕ್ಕಣ್ಣನತ್ತ ತಿರುಗಿದರು. "ಎಲ್ಲಾ ಒಂದೇ ಥರ ಮಾಡಿದ್ದಾ?"

ಚಿಕ್ಕಣ್ಣ ಮಾಲೀಕರ ಮುಖ ನೋಡಿದ.

"ಅಲ್ಲೇನ್ರೀ ನೋಡ್ತೀರಿ? ನನಗೆ ಹೇಳಿ."

"ಆರ್ಡರ್ ಇದ್ದದ್ದು ಮೇಣದ ಎರಕಕ್ಕೆ ಸಾರ್. ಮೇಣದಲ್ಲಿ ಲಿವರ್ ಮಾಡಿ, ಏಳೆಂಟು ಸಲ ಸೆರಾಮಿಕ್ ಲೇಪ ಕೊಟ್ಟು, ಮೇಣ ಕರಗಿಸಿ ತೆಗೆದು ಉಕ್ಕು ಹೊಯ್ತೀವಿ. ಅಚ್ಚು ಇಡೀದು, ಕೂಡಿದ ಗೆರೆ ಬರಲ್ಲ. ಟೈಮ್ ಸಾಲ್ಲಿಲ್ಲ ಅಂತ ಹದಿನೆಂಟನ್ನ ಶೆಲ್ ಮೋಲ್ಡಿಂಗಲ್ಲಿ ಮಾಡಿದ್ವಿ. ಅದರಲ್ಲಿ ರಾಳ ಬೆರೆಸಿದ ಮರಳು ಕಾಯಿಸಿದ ಲೋಹದ ಮಾದರಿ ಮೇಲೆ ಚಿಪ್ಪು ಕಟ್ಟುತ್ತೆ. ಎರಡು ಚಿಪ್ಪು ಅಂಟಿಸಿದ ಕಡೆ ಗೆರೆ ಉಳಿಯುತ್ತೆ. ಉಜ್ಜಿ ತೆಗೆದ್ವಿ."

"ಶೆಲ್ ಮೋಲ್ಡಿಂಗ್ ಏನು ಕಳಪೆನಾ ಸಾರ್?" ನಾರಾಯಣಪ್ಪ ಸಿಡುಕಿದರು.

"ಅಲ್ದಿದ್ರೆ ಉಜ್ಜಿದ್ಯಾಕೆ? ಚಿಕ್ಕಣ್ಣ, ಉಜ್ಜಿದ ಮೇಲೂ ಗುರುತು ಹಿಡಿಯೋರು ಯಾರು?"

"ಮೇಣದ ಕೋಣೆ ರಾಮಕ್ಕ. ಕಣ್ಣು ಮುಚ್ಕೊಂಡು ಹೇಳ್ತಾರೆ. ಈ ಪ್ಯಾಕಿಂಗ್ ಕೋಣೆ ಬೀಗದ ಕೈಯೂ ಅವರ ಹತ್ರಾನೇ ಇರುತ್ತೆ."

ಸಂಜೆ 4.30, ಹೊಸಹಳ್ಳಿಯ ರಾಮಕ್ಕನ ಮನೆ. ಮಾಲು ಗುರುತಿಸಲು ನಾರಾಯಣಪ್ಪನೂ ಜೊತೆಗಿದ್ದರು. ನಲವತ್ತಾರರ ರಾಮಕ್ಕ ತಾನೇ ಮಂಚದ ಕೆಳಗಿನ ಗೋಣಿಚೀಲ ಎಳೆದಳು.

"ಸಿಕ್ಕಾಕೊಳ್ತೀಯ ಅಂತ ಗೊತ್ತಿತ್ತಾ?" ದೊಡ್ಡಣ್ಣ ಕೇಳಿದರು.

"ಗೊತ್ತಿಲ್ದೆ ಮಂಚದ ಕೆಳಗೆ ಇಡ್ತಿದ್ನಾ ಸಾರ್? ನಾನು ಹೇಳಿದ್ರೆ ಯಾರು ಕೇಳ್ತಾರೆ? ನಿಮ್ಮ ಸೀಲ್ ಬಿದ್ರೆ ಕೇಳ್ತಾರೆ." ಒಂದು ಲಿವರ್ ಮುಂದೆ ಹಿಡಿದಳು. ಅದರ ಮೇಲೆ 7 ಇತ್ತು. "ಮೇಣದ ಕೋಣೇಲಿ ಒಬ್ಬೊಬ್ರಿಗೂ ಒಂದು ನಂಬರ್. ನಂದು ಏಳು. ಮೇಣ ಮೆತ್ತಗಿರೋವಾಗ್ಲೇ ಒತ್ತೋದು, ಅಂಚು ನುಣ್ಣಗೆ ಬರುತ್ತೆ. ಇದ್ನ ಮುಟ್ಟಿ ನೋಡಿ."

ಅಂಚು ದೊಡ್ಡಣ್ಣನ ಬೆರಳಿಗೆ ಚುಚ್ಚಿತು. ಉಕ್ಕಾದ ಮೇಲೆ ಸುತ್ತಿಗೆಯಿಂದ ಕುಟ್ಟಿದ ಅಂಕಿ.

"ಹೋದ ತಿಂಗಳು ಇಂಥದ್ದೇ ಒಂದು ಟೆಸ್ಟಲ್ಲಿ ಸೀಳ್ತು. ಮೆಮೊ ನನಗೆ ಬಂತು. ಇನ್ನೊಂದು ಸಲ ಆದ್ರೆ ಕೆಲಸ ಇಲ್ಲ ಅಂತ."

"ಮಾಲು ಸಿಕ್ತಲ್ಲ ಸಾರ್," ನಾರಾಯಣಪ್ಪ ಅವಸರಪಟ್ಟರು. "ದೂರು ವಾಪಸ್ ತಗೋತೀನಿ, ಪಂಚನಾಮೆ ಬೇಡ. ರಾಮಕ್ಕ, ತಪ್ಪಾಯ್ತು ಅನ್ನು, ನಾಳೆ ಕೆಲಸಕ್ಕೆ ಬಾ."

"ಅನ್ನಲ್ಲ. ಬರ್ಕೊಳ್ಳಿ ಸಾರ್, ಹದಿನೆಂಟನ್ನೂ."

ಪಂಚರ ಮುಂದೆ ಮುನಿರಾಜು ಬರೆದು ಓದಿದ. ರಾಮಕ್ಕ ತಡೆದಳು. "ಬರೀ ಏಳು ಅಂತ ಬರೆದಿದೀಯಲ್ಲಪ್ಪ. ಕುಟ್ಟಿದ ಏಳು ಅಂತ ಬರಿ."

ಮುನಿರಾಜು ದೊಡ್ಡಣ್ಣನನ್ನು ನೋಡಿದ. ಅವರು ತಲೆಯಾಡಿಸಿದರು. ತಿದ್ದಿದ ಮೇಲೆ ಅವಳು ಸಹಿ ಹಾಕಿದಳು.

6.10ಕ್ಕೆ ಐಪಿಸಿ 381, ನೌಕರರು ಮಾಲೀಕರ ಸ್ವತ್ತು ಕದಿಯುವ ಅಪರಾಧದಡಿ ರಾಮಕ್ಕನನ್ನು ಬಂಧಿಸಲಾಯಿತು. ಲಿವರ್ ಕೊಳ್ಳುವ ಕಂಪನಿಗೆ ಪಂಚನಾಮೆಯ ಪ್ರತಿಯೊಂದಿಗೆ ಪತ್ರ ಹೋಯಿತು. ಕೇಸ್ ಡೈರಿಯಲ್ಲಿ ದೊಡ್ಡಣ್ಣ ಬರೆದರು: "ಆರೋಪಿ ಮಾಲು ಮಾರಲು ಯತ್ನಿಸಿಲ್ಲ. ತಾನು ಮಾಡದ ವಸ್ತುವಿನ ಮೇಲೆ ತನ್ನ ನಂಬರ್ ಇರಕೂಡದೆಂಬುದೇ ಕೃತ್ಯಕ್ಕೆ ಕಾರಣ."