ಸೋಫಾದ ಎದುರಿನ ಕುರ್ಚಿ

"ಕುರ್ಚಿ ತರೋದಾದ್ರೆ ತಾ ಕಣವ್ವ. ಆದ್ರೆ ಆ ಸೋಫಾದ ಎದುರ್ಗೆ ಹಾಕ್ಬ್ಯಾಡ. ಹಾಕುದ್ರೂ ಅಲ್ಲಿ ಯಾರ್ನೂ ಬಾ, ಕೂತ್ಕೊ ಅನ್ಬ್ಯಾಡ," ಎಂದಳು ರಂಗಕ್ಕ.

ವನಜಾಕ್ಷಿಗೆ ನಗು ತಡೆಯಲಾಗಲಿಲ್ಲ. ಮದುವೆಯಾಗಿ ನೊಣವಿನಕೆರೆ ಪಕ್ಕದ ಈ ತೋಟದ ಮನೆಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಗಂಡನ ಸೋದರತ್ತೆ ಎಂಬ ಮರ್ಯಾದೆಗೆ ಸೆರಗು ಬಾಯಿಗೆ ಒತ್ತಿಕೊಂಡಳು.

"ಬಂದೋರ್ನ ನಿಲ್ಲಿಸ್ಕೊಂಡು ಮಾತಾಡ್ಸೋಕಾಗುತ್ತಾ ಅತ್ತೆ? ನಿಮ್ಮ ಸೋಫಾಕ್ಕೆ ಅಷ್ಟೊಂದು ಧಿಮಾಕಾ?"

ರಂಗಕ್ಕ ಎದ್ದು ಹೋದಳು.

ಧಿಮಾಕು ಇದ್ದದ್ದೇನೋ ನಿಜ. ಗಂಡನ ತಾತ ಹನುಮಂತರಾಯ ತರಿಸಿದ್ದ ಆ ಚರ್ಮದ ಸೋಫಾ ಹಜಾರದ ಅರ್ಧವನ್ನು ನುಂಗಿಕೊಂಡು ಕೂತಿತ್ತು. ಕೈಯಿಡುವ ಕಡೆಯೆಲ್ಲ ಎಣ್ಣೆ ಕುಡಿದು ಕಪ್ಪಾಗಿತ್ತು. ಹತ್ತಿರ ಹೋದರೆ ಕಮಟು ಕೊಬ್ಬರಿಯ ನಾತ. ಎದುರಿನ ನೆಲ ಮಾತ್ರ ಬಟಾಬಯಲು. ಬಂದ ನೆಂಟರೆಲ್ಲ ಹೊರಗೆ ಜಗಲಿಯ ಮೇಲೆಯೇ ಕೂತು, ಕಾಫಿ ಕುಡಿದು ಹೋಗುತ್ತಿದ್ದರು.

ತಿಪಟೂರಿನ ಅಂಗಡಿಯಲ್ಲಿ ಅವಳು ಒಂದು ಮಧ್ಯಾಹ್ನವನ್ನೇ ಕಳೆದಳು. ಕಪ್ಪು ರೆಕ್ಸಿನ್ನಿನದು ಹಾಕಿದರೆ ಹಜಾರ ಇನ್ನಷ್ಟು ಕತ್ತಲೆ. ಬೆತ್ತದ್ದು ಆ ದಢೂತಿಯ ಮುಂದೆ ಬಡಕಲು. ಕೊನೆಗೆ ತೇಗದ ಕೈಗಳ, ತೆಳ್ಳನೆ ಕಾಲಿನ, ಕೆನೆಬಣ್ಣದ ದಿಂಬಿನ ಜೋಡಿ ಕುರ್ಚಿ ಒಪ್ಪಿಗೆಯಾಯಿತು. ತಂದು ಸೋಫಾದ ನೇರ ಎದುರಿಗೇ ಹಾಕಿಸಿದಳು. ಹಜಾರಕ್ಕೆ ಬೆಳಕು ಬಂದ ಹಾಗಾಯಿತು.

ಸಂಜೆ ಗಂಡ ಭೀಮರಾಜು ತೋಟದಿಂದ ಬಂದ.

"ಬನ್ರೀ, ಕೂತ್ಕೊಳ್ಳಿ. ಹೆಂಗೈತೆ ನೋಡಿ."

ಅವನು ನಗುತ್ತ ಕೂತ. ಎದುರಿನ ಖಾಲಿ ಸೋಫಾ ಕಿರ್ರೆಂದಿತು. ಯಾರೋ ಮೈಭಾರ ಬಿಟ್ಟು ಕೂತ ಹಾಗೆ ಅದರ ನಡುಭಾಗ ತಗ್ಗಿಗೆ ಇಳಿಯಿತು. ಹಳೆಯ ಸ್ಪ್ರಿಂಗು ಹೋಗಿರಬೇಕು ಎಂದುಕೊಂಡು ವನಜಾಕ್ಷಿ ಕಾಫಿ ತರಲು ಒಳಗೆ ಹೋದಳು.

ಮರುದಿನದಿಂದ ಅವನಿಗೆ ಬಾಯಾರಿಕೆ. ಬಿಂದಿಗೆ ಬರಿದಾದರೂ ನಾಲಿಗೆ ಹಸಿಯಾಗದು. ಬೆವರು ನಿಂತಿತು. ತುಟಿ ಸೀಳಿತು, ರಕ್ತ ಬರಲಿಲ್ಲ. ಡಾಕ್ಟರು ಬಾಟಲಿ ಮೇಲೆ ಬಾಟಲಿ ಏರಿಸಿದರು. ಎಲ್ಲಿ ಹೋಯಿತೋ ಆ ನೀರೆಲ್ಲ, ಅವರಿಗೂ ತಿಳಿಯದೆ ಮನೆಗೆ ಕಳಿಸಿದರು. ಒಂದು ಬೆಳಿಗ್ಗೆ ಭೀಮರಾಜು ಮಗ್ಗುಲು ಬದಲಿಸಿದಾಗ ಅವನ ಎದೆಯೊಳಗೆ ಲೊಡಲೊಡ ಎಂದಿತು.

ತೆಂಗಿನ ಸೀಮೆಯ ದಬ್ಬೇಘಟ್ಟದಲ್ಲಿ ಹುಟ್ಟಿ ಬೆಳೆದವಳಿಗೆ ಆ ಸದ್ದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಅಟ್ಟಕ್ಕೆ ಹಾಕಿದ ಕಾಯಿ ವರ್ಷ ಕಳೆಯುವಷ್ಟರಲ್ಲಿ ಒಳಗಿನ ನೀರು ಹಿಂಗಿಸಿಕೊಂಡು, ಚಿಪ್ಪು ಬಿಟ್ಟ ಕೊಬ್ಬರಿಯಾಗುತ್ತದೆ. ಅಲ್ಲಾಡಿಸಿದರೆ ಹೀಗೆಯೇ ಸದ್ದು ಮಾಡುತ್ತದೆ. ಗಂಡ ಒಣಗುತ್ತಿದ್ದ. ರಂಗಕ್ಕನ ಮಾತು, ಅವನು ಕೂತಾಗ ತಗ್ಗಿದ ಸೋಫಾ, ಎರಡೂ ಒಟ್ಟಿಗೆ ನೆನಪಾದವು.

ಅವಳು ಕುಡುಗೋಲು ತಂದು ಸೋಫಾದ ಹೊಟ್ಟೆ ಸೀಳಿದಳು. ನಾರು ಹೊರಬಂತು. ನಾರಿನೊಳಗೆ ಕೈಗೆ ಕೂದಲು ಸಿಕ್ಕಿತು, ಉದ್ದನೆಯ ಹೆಂಗಸಿನ ಕೂದಲು. ಕೂದಲು ಸುತ್ತಿ, ಮೈತುಂಬ ಸೂಜಿ ಚುಚ್ಚಿದ ಒಂದು ಕರಿ ಕಾಯಿ. ಎಳೆದಳು. ಕಾಯಿ ಲೊಡಲೊಡ ಎಂದಿತು. ಅದೇ ಗಳಿಗೆಗೆ ಕೋಣೆಯೊಳಗೆ ಭೀಮರಾಜು ಎದೆ ಹಿಡಿದುಕೊಂಡು ಚೀರಿದ.

"ಬುಟ್‌ಬುಡು, ಜೀವ ಹೋಯ್ತದೆ ಅವ್ನ್ದು." ರಂಗಕ್ಕ ಬಾಗಿಲಲ್ಲಿ ನಿಂತಿದ್ದಳು. "ನಮ್ಮಪ್ಪ ಈ ಸೋಫಾದ ಮ್ಯಾಲೆ ಕೂತ್ಕಂಡು, ತನ್ನ ಒಡಹುಟ್ಟಿದ ತಮ್ಮನ್ನ ಬಾ ಕೂತ್ಕೊ ಅಂತ ಎದುರ್ಗೆ ಕೂರುಸ್ಕಂಡು, ನಯವಾಗಿ ಮಾತಾಡಿ ಅವನ ತೋಟ ತನ್ನೆಸ್ರಿಗೆ ಬರುಸ್ಕಂಡ. ತಮ್ಮ ನೇಣಾಕ್ಕಂಡ. ಅವನೆಂಡ್ತಿ ಮಾಡ್ಸಿದ್ದು ಇದು. ಈ ಮನೇಲಿ ಕರೆಸ್ಕಂಡು ಎದುರ್ಗೆ ಕೂತೋರು ಒಣಗ್ಲಿ ಅಂತ."

"ಬಿಡಿಸೋದು ಹೆಂಗೆ ಅತ್ತೆ? ನಿಮ್ಮ ಕಾಲಿಗೆ ಬೀಳ್ತೀನಿ."

"ಬಿಡ್ಸಾಕಾಗಲ್ಲ. ದಾಟ್ಸಬೋದು. ಇನ್ನೊಬ್ರು ಕರೆಸ್ಕಂಡು ಅಲ್ಲಿ ಕೂತ್ರೆ ಮೊದ್ಲಿನೋರ್ನ ಬುಟ್ಟು ಅವರ್ನ ಹಿಡಿತದೆ. ತಾನಾಗೇ ಹೋಗಿ ಕೂತ್ರೆ ಆಗಲ್ಲ. ಯಾರಾದ್ರೂ ಕರೀಬೇಕು."

ವನಜಾಕ್ಷಿ ಯೋಚಿಸಲಿಲ್ಲ. "ನನ್ನ ಕರೀರಿ," ಎಂದಳು. ರಂಗಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿ ಅಗುಳಿ ಹಾಕಿಕೊಂಡಳು. ವನಜಾಕ್ಷಿ ಗಂಡನ ಕಿವಿಯಲ್ಲಿ ಬೇಡಿದಳು. ಅವನು ಒಣ ಕಣ್ಣಲ್ಲಿ ನೋಡಿ, "ಸಾಯ್ತೀನಿ, ಕರೆಯಲ್ಲ," ಎಂದು ಗೋಡೆಗೆ ತಿರುಗಿದ. ಎದೆ ಲೊಡಲೊಡ ಎಂದಿತು. ಉಸಿರು ದೂರವಾಗುತ್ತಿತ್ತು. ಅಯ್ಯೋ, ಯಾರಾದರೂ ಬರಬಾರದೇ. ಭಿಕ್ಷೆಯವನಾದರೂ ಬರಬಾರದೇ. ಹಾಗೆ ಅಂದುಕೊಂಡದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಮಧ್ಯಾಹ್ನದ ಬಸ್ಸು ಹೋದ ಸದ್ದಾಯಿತು. ಹೊಸ್ತಿಲಲ್ಲಿ ನೆರಳು. ಅಳಿಯನಿಗೆ ಹುಷಾರಿಲ್ಲವೆಂದು ಕೇಳಿ, ಕೈಚೀಲ ಹೊತ್ತು, ಬಿಸಿಲಲ್ಲಿ ಬೆಂದು ಬಂದ ತಾಯಿ ಪುಟ್ಟಗಂಗಮ್ಮ.

ಅಮ್ಮನ ಮುಖ ಕಂಡದ್ದೇ ತಡ, ಕಟ್ಟಿಕೊಂಡಿದ್ದ ದುಃಖವೆಲ್ಲ ಒಮ್ಮೆಲೇ ಉಕ್ಕಿ ಬಂತು. ಹುಟ್ಟಿದಾಗಿನಿಂದ ಹೊಸ್ತಿಲು ತುಳಿದವರಿಗೆಲ್ಲ ಅಂದು ಅಂದು ರೂಢಿಯಾದ ಮಾತು ಅದರ ಜೊತೆಗೇ ಜಾರಿತು.

"ಬಾಮ್ಮಾ... ಕೂತ್ಕೋ..."

ನಾಲಿಗೆ ಕಚ್ಚಿಕೊಂಡಳು. ಓಡಿದಳು. ಕೈ ಚಾಚಿದಳು. ತಡವಾಗಿತ್ತು. ಪುಟ್ಟಗಂಗಮ್ಮ ಹತ್ತಿರದ ಕುರ್ಚಿಯಲ್ಲಿ ಉಸ್ಸೆಂದು ಕುಸಿದಿದ್ದಳು.

ಸೋಫಾ ಕಿರ್ರೆಂದಿತು.

ಕೋಣೆಯೊಳಗಿಂದ ಭೀಮರಾಜು ಗೋಡೆ ಹಿಡಿದುಕೊಂಡು ಬಂದ. ಹಣೆಯ ಮೇಲೆ ಬೆವರು. ಕಣ್ಣಲ್ಲಿ ನೀರು. ಕುರ್ಚಿಯಲ್ಲಿದ್ದವಳನ್ನು ನೋಡಿ ಅವನು ಅಲ್ಲೇ ಕುಕ್ಕರಿಸಿದ.

"ಯಾಕೋ ಬಾಯೆಲ್ಲಾ ಒಣಗ್ತೈತೆ ಕಣೇ," ಎಂದಳು ಪುಟ್ಟಗಂಗಮ್ಮ. ವನಜಾಕ್ಷಿ ನೀರು ತಂದುಕೊಟ್ಟಳು. ಅಮ್ಮ ಗಟಗಟನೆ ಕುಡಿದಳು. ಮತ್ತೂ ಕೇಳಿದಳು. ತುಟಿಯ ಮೇಲೆ ಆಗಲೇ ಒಂದು ಸೀಳು. ವನಜಾಕ್ಷಿ ಎದುರಿಗೆ ನಿಂತೇ ಇದ್ದಳು. ಹೇಳಿದರೆ ಅಮ್ಮ ಎಂದೆಂದಿಗೂ ತನ್ನನ್ನು ಕರೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹೇಳದಿದ್ದರೆ ಕರೆಯದೆ ಇರುವವಳಲ್ಲ.

"ಯಾಕೆ ಹಂಗೆ ಕಂಬದಂಗೆ ನಿಂತ್ಕಂಡಿದ್ದೀಯಾ? ಎಷ್ಟು ಸೊರಗಿದ್ದೀಯೇ ಮಗಳೇ. ಬಾ ಇಲ್ಲಿ, ಕೂತ್ಕೋ."

"ಬ್ಯಾಡ ಕಣೇ," ಎನ್ನಹೋದ ಭೀಮರಾಜು. ದನಿ ಹೊರಡಲಿಲ್ಲ.

ವನಜಾಕ್ಷಿ ಎರಡನೆಯ ಕುರ್ಚಿಯಲ್ಲಿ ಕೂತಳು. ಎದುರಿನ ಸೋಫಾ ನಿಧಾನವಾಗಿ ತಗ್ಗಿತು.

ಪುಟ್ಟಗಂಗಮ್ಮ ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಂಡು, ಲೋಟ ಕೆಳಗಿಟ್ಟು, ಕುರ್ಚಿಯ ತೇಗದ ಕೈಯನ್ನು ಸವರಿದಳು. "ನೀರು ಕುಡಿದ್ಮ್ಯಾಲೆ ಜೀವ ಬಂತು ನೋಡು. ಒಳ್ಳೆ ಕುರ್ಚಿ ಆರ್ಸಿದ್ದೀಯ ಕಣೇ. ಆ ಸೋಫಾಕ್ಕೆ ಸರಿಯಾಗಿ ಒಪ್ಪೈತೆ."

ವನಜಾಕ್ಷಿ ತಲೆಯಾಡಿಸಿದಳು. ಅವಳೊಳಗೆ ಏನೋ ಲೊಡಲೊಡ ಎಂದಿತು.