ಸೊಪ್ಪಿನವನು ಬರುತ್ತಿದ್ದ ಗುರುವಾರಗಳು

ಮೊದಲ ಗುರುವಾರ ಅವನು ಒದ್ದೆ ಗೋಣಿಚೀಲ ಹಿಡಿದು ಲ್ಯಾಬಿನ ಬಾಗಿಲಲ್ಲಿ ನಿಂತಾಗ ಅವಳು ತಲೆ ಕೂಡ ಎತ್ತದೆ, "ಕಸ ಹಿಂದಿನ ಗೇಟಿನ ಹತ್ರ ಹಾಕಿ" ಅಂದುಬಿಟ್ಟಳು.

"ಕಸ ಅಲ್ಲ ಮೇಡಂ, ನಮ್ಮಮ್ಮನ ಔಷಧಿ. ನೀವೇ ಫೋನ್ ಮಾಡಿ ತರಿಸಿದ್ದು."

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಳೆಕಾಡಿನ ನಾಟಿ ಔಷಧಿಗಳಲ್ಲಿ ಯಾವುದಕ್ಕೆ ರೋಗಾಣು ಕೊಲ್ಲುವ ಶಕ್ತಿ ಇದೆ ಎಂದು ಪರೀಕ್ಷಿಸುವುದೇ ಅವಳ ಕೆಲಸ. ಕಾಡಿನಂಚಿನಲ್ಲಿ ಮೂವತ್ತು ವರ್ಷದಿಂದ ಜನರ ಗಾಯಕ್ಕೆ ಸೊಪ್ಪು ಕಟ್ಟುತ್ತಿದ್ದ ಅವನ ತಾಯಿಯನ್ನು ಹುಡುಕಿದ್ದೂ ಅವಳೇ. ಆದರೂ ಅವನು ನಕ್ಕ. ಆ ನಗುವೇ ಎಡವಟ್ಟು ಮಾಡಿದ್ದು.

ಅಲ್ಲಿಂದ ಪ್ರತಿ ಗುರುವಾರ ತಾಜಾ ಸೊಪ್ಪು ಬಂತು. ಲ್ಯಾಬಿನವರೆಲ್ಲ ಅವನನ್ನು ಸೊಪ್ಪಿನವನು ಅಂದರು. ಗುರುವಾರ ಮಾತ್ರ ಅವಳು ಕಣ್ಣಿಗೆ ಕಾಡಿಗೆ ಹಚ್ಚಿಕೊಳ್ಳುತ್ತಾಳೆಂದು ಬೆನ್ನ ಹಿಂದೆ ಮುಸಿಮುಸಿ ನಕ್ಕರು.

ಒಂದು ದಿನ ಅವನು ಪಕ್ಕದಲ್ಲೇ ನಿಂತು ಪರೀಕ್ಷೆ ನೋಡಿದ. ಗಾಜಿನ ತಟ್ಟೆಯ ಜೆಲ್ಲಿಯ ಮೇಲೆ ರೋಗಾಣು ಸವರಿ, ಅದರಲ್ಲಿ ಪುಟ್ಟ ಗುಳಿಗಳನ್ನು ಕೊರೆದು, ಅವಳು ಒಂದಕ್ಕೆ ಆಸ್ಪತ್ರೆಯ ಆಂಟಿಬಯಾಟಿಕ್ ಬಿಟ್ಟಳು. ಇನ್ನೊಂದಕ್ಕೆ ಬಿಡಬೇಕಾದದ್ದು ಸೊಪ್ಪಿನ ರಸ.

"ಔಷಧಿಗೆ ಶಕ್ತಿ ಇದ್ರೆ ಗುಳಿಯ ಸುತ್ತ ರೋಗಾಣು ಬೆಳೆಯಲ್ಲ. ಉಂಗುರದ ಹಾಗೆ ತಿಳಿಯಾಗಿ ಕಾಣುತ್ತೆ."

"ಅಂದ್ರೆ ನಮ್ಮಮ್ಮನ ಕಡೆಯಿಂದ ನಿಮಗೆ ಉಂಗುರ ಅನ್ನಿ."

ಅವಳು ತಿರುಗಿ ನೋಡಿದಳು. ಅವನು ಕಿಟಕಿಯ ಕಡೆ ಮುಖ ಮಾಡಿ, ತಾನೇನೂ ಅಂದೇ ಇಲ್ಲ ಎಂಬಂತೆ ನಿಂತಿದ್ದ. ಕಿವಿ ಮಾತ್ರ ಕೆಂಪಾಗಿತ್ತು. ಅವಳ ಕೈ ತನ್ನಷ್ಟಕ್ಕೆ ಕೆಲಸ ಮುಗಿಸಿತು.

ಮರುದಿನ ಸೊಪ್ಪಿನ ಗುಳಿಯ ಸುತ್ತ ಅಗಲವಾದ ಉಂಗುರ! ಅದೇ ಟ್ಯೂಬಿನ ರಸದಿಂದ ಇನ್ನೊಮ್ಮೆ ನೋಡಿದಳು, ಮತ್ತೆ ಉಂಗುರ. ತಡೆಯಲಾಗದೆ ಫೋನ್ ಮಾಡಿದಳು. ಅತ್ತ ಅವನು, "ಅಮ್ಮಾ, ಗೆದ್ದೆ ಕಣಮ್ಮಾ!" ಎಂದು ಕೂಗಿದ್ದು ಕೇಳಿ ಇತ್ತ ಅವಳ ಕಣ್ಣು ತುಂಬಿತು.

ಎರಡು ವಾರದ ಮೇಲೆ ಹೊಸದಾಗಿ ರಸ ತೆಗೆದಳು. ಉಂಗುರ ಮೂಡಲಿಲ್ಲ. ಮೂರು ಸಲ ಮಾಡಿದರೂ ಇಲ್ಲ. ಬುಧವಾರ ಮಧ್ಯಾಹ್ನ ಸ್ಟೂಲಿನ ಮೇಲೆ ಕೂತವಳಿಗೆ ಥಟ್ಟನೆ ನೆನಪಾಯಿತು. ಅವತ್ತು ಅವನ ಕಡೆ ನೋಡುತ್ತ, ಹನಿ ಬಿಡುವ ಪಿಪೆಟ್‌ನ ತುದಿ ಬದಲಿಸಿರಲೇ ಇಲ್ಲ. ಆಂಟಿಬಯಾಟಿಕ್ ಹತ್ತಿದ್ದ ತುದಿಯನ್ನೇ ಸೊಪ್ಪಿನ ರಸದ ಟ್ಯೂಬಿಗೆ ಅದ್ದಿದ್ದಳು. ಉಂಗುರ ಮೂಡಿಸಿದ್ದು ಸೊಪ್ಪಲ್ಲ.

ನಾಳೆಯೇ ಹೇಳಿಬಿಡಬೇಕೆಂದುಕೊಂಡಳು. ಆದರೆ ಗುರುವಾರ ಅವನು ಹೊಸ ಶರ್ಟು ತೊಟ್ಟು ಬಂದ. "ಅಮ್ಮ ನಿಮ್ಮನ್ನ ನೋಡ್ಬೇಕಂತೆ" ಅಂದ, ಚೀಲದ ದಾರ ಬಿಚ್ಚುತ್ತ, ಮುಖ ಎತ್ತದೆ. ಅವಳು ಚೀಲ ತೆಗೆದುಕೊಂಡು ಮೇಜಿನ ಮೇಲಿಟ್ಟಳು. ಮುಂದಿನ ವಾರ ಹೇಳಿದರಾಯಿತು, ಒಂದು ವಾರದಲ್ಲಿ ಏನು ಮುಳುಗಿಹೋಗುತ್ತೆ!

ಮುಂದಿನ ವಾರ ಅವನು ಬರಲಿಲ್ಲ. ಫೋನೂ ಎತ್ತಲಿಲ್ಲ. ಅದರ ಮುಂದಿನ ವಾರ ಬರಿಗೈಯಲ್ಲಿ ಬಂದ. ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿತ್ತು.

"ಅಮ್ಮನ ಕಾಲು ತೆಗೆದ್ರು. ಮೊಣಕಾಲಿನ ಕೆಳಗೆ."

ಅವಳು ಸ್ಟೂಲು ಎಳೆದುಕೊಟ್ಟಳು. ಅವನು ಕೂರಲಿಲ್ಲ.

"ಗದ್ದೇಲಿ ಕೊಯ್ದ ಪೈರಿನ ಕೂಳೆ ಚುಚ್ಚಿತ್ತು. ಶುಗರ್ ಬೇರೆ ಇದೆ. ಅಕ್ಕ ಆಸ್ಪತ್ರೆಗೆ ಹೋಗೋಣ ಅಂತ ಬಡ್ಕೊಂಡ್ಳು. ಲ್ಯಾಬೇ ಒಪ್ಪಿರೋ ಸೊಪ್ಪು ಮನೇಲಿರೋವಾಗ ಆಸ್ಪತ್ರೆ ಯಾಕೆ ಅಂತ ನಾನೇ ಕಟ್ಟಿದೆ." ಅವನು ತನ್ನ ಅಂಗೈ ನೋಡಿಕೊಂಡ. "ತಟ್ಟೇಲಿ ಕೆಲಸ ಮಾಡಿದ್ದು ಕಾಲಲ್ಲಿ ಯಾಕೆ ಮಾಡ್ಲಿಲ್ಲ? ನಾನು ಕಟ್ಟಿದ್ದೇ ಸರಿ ಇರ್ಲಿಲ್ವಾ? ನಿಜ ಹೇಳಿ, ನನ್ನದೇ ತಪ್ಪಲ್ವಾ?"

ಸುಮ್ಮನಿದ್ದರೆ ಅವನು ಅವಳವನೇ. ಆ ಯೋಚನೆ ಬಂದದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ತಪ್ಪು ನಂದು" ಎಂದು ಎಲ್ಲವನ್ನೂ ಹೇಳಿದಳು.

"ಯಾವತ್ತು ಗೊತ್ತಾಯ್ತು?"

"ನೀವು ಹೊಸ ಶರ್ಟ್ ಹಾಕ್ಕೊಂಡು ಬಂದ್ರಲ್ಲ, ಅದರ ಹಿಂದಿನ ದಿನ."

"ಅವತ್ತಿಗೆ ಗಾಯ ಉಗುರಿನಷ್ಟಿತ್ತು." ಅವನು ಅವಳನ್ನೇ ನೋಡಿದ. "ಯಾಕೆ ಹೇಳ್ಲಿಲ್ಲ?"

"ಸೊಪ್ಪಲ್ಲಿ ಏನೂ ಇಲ್ಲ ಅಂದ್ರೆ ನೀವು ಬರೋದು ನಿಂತುಹೋಗುತ್ತೆ ಅಂತ. ನೀವು ಬರದೇ ಇದ್ರೆ ನನಗೆ..."

"ಪರೀಕ್ಷೆಗೆ ಇಷ್ಟು ಸೊಪ್ಪು ಸಾಕು, ಇನ್ನು ತರಬೇಡ ಅಂತ ನಿಮ್ಮ ಲ್ಯಾಬಿನ ಸಾಹೇಬ್ರು ಆರನೇ ವಾರಕ್ಕೇ ಹೇಳಿದ್ರು. ಆಮೇಲೂ ಚೀಲ ಹೊತ್ತುಕೊಂಡು ಯಾಕೆ ಬರ್ತಿದ್ದೆ ಅಂದ್ಕೊಂಡ್ರಿ?"

ಅವಳು ಅಳುತ್ತಲೇ, "ನಾನು ಆಸ್ಪತ್ರೆಗೆ ಬರ್ತೀನಿ. ಅಮ್ಮನಿಗೆ ನಾನೇ ಹೇಳ್ತೀನಿ" ಅಂದಳು.

"ಬೇಡ. ಇವತ್ತು ಹೊರಡೋವಾಗ ಅಮ್ಮ ಕರೆದು ಏನಂದ್ಳು ಗೊತ್ತಾ? ಕಾಲಿನ ವಿಷಯ ಆ ಹುಡುಗಿಗೆ ಹೇಳ್ಬೇಡ ಕಣೋ, ಪಾಪ ನೊಂದ್ಕೋತಾಳೆ ಅಂದ್ಳು."

ಅವನು ಹೊರಗೆ ಹೋದ. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದ.