ಸವಾರನಿಲ್ಲದ ಕುದುರೆ

"ಅಲ್ಲಾಡಬೇಡ ಕಣೇ. ಕುದುರೆ ಸುಮ್ನೆ ನಿಂತ್ಕೊಬೇಕು," ಎನ್ನುತ್ತ ಕಾಂತರಾಜ್ ಸುಮಿತ್ರಾಳ ಸೊಂಟಕ್ಕೆ ಹಗ್ಗ ಸುತ್ತಿ, ಹೊಟ್ಟೆಯ ಮೇಲೆ ಗಂಟು ಬಿಗಿದು, ಎರಡೂ ತುದಿಗಳನ್ನು ಹಿಂದಕ್ಕೆ ಎಳೆದುಕೊಂಡ.

ಅಂತರಸಂತೆಯ ಶಾಲೆಯಲ್ಲಿ ಅವತ್ತು ಸ್ಪೋರ್ಟ್ಸ್ ಡೇ. ಐದನೇ ಕ್ಲಾಸಿನವರಿಗೆ ಈ ಸಲವೂ ಕುದುರೆ ಓಟ. ಮುಂದೆ ಓಡುವವರು ಕುದುರೆ, ಹಿಂದೆ ಹಗ್ಗದ ತುದಿ ಹಿಡಿದವರು ಸವಾರ.

"ಈ ಸಲ ನಾನು ಸವಾರ ಆಯ್ತೀನಿ ಕಣೋ," ಅಂದಳು ಸುಮಿತ್ರಾ.

"ಟೋಪಿ ಎಲ್ಲೈತೆ ನಿಂಗೆ? ಟೋಪಿ ಇದ್ದೋನೇ ಜಾಕಿ. ಹಾಡಿಯೋರು ಚೆನ್ನಾಗಿ ಓಡ್ತೀರಲ್ಲ, ಕುದುರೇನೇ ಸರಿ ಬುಡು." ಅಪ್ಪ ಮೈಸೂರಿನಿಂದ ತಂದಿದ್ದ ಕೆಂಪು ಟೋಪಿಯನ್ನು ಅವನು ಹಿಂದುಮುಂದು ತಿರುಗಿಸಿ ಹಾಕಿಕೊಂಡ.

ಹೋದ ವರ್ಷವೂ ಹೀಗೇ ಆಗಿತ್ತು. ಓಡಿದವಳು ಸುಮಿತ್ರಾ, ಮೈಕಿನಲ್ಲಿ ಬಂದದ್ದು "ಕಾಂತರಾಜ್ ಫಸ್ಟ್". ಓಟ ಮುಗಿದ ಮೇಲೂ ಅವನು ಬಂದು ಗಂಟು ಬಿಚ್ಚುವವರೆಗೆ ಅವಳು ಕಾದು ನಿಂತಿದ್ದಳು.

ಹೊಲದಾಚೆ, ಕಾಡಂಚಿನ ಬುಡಕಟ್ಟಿನವರ ಹಾಡಿಯಲ್ಲಿ ಅಜ್ಜಿ ಕುಳ್ಳಮ್ಮ ಕೆಲಸ ಬಿಟ್ಟು ಕಿವಿಗೊಟ್ಟು ಕೂತಿದ್ದಳಂತೆ. ಆ ಸಂಜೆ ಕೇಳಿದಳು, "ನೀನು ಓಡ್ನಿಲ್ವಾ ಮಗಾ? ಮೈಕು ಯಾರ್ಯಾರ ಹೆಸ್ರೋ ಕೂಗ್ತು. ನಿಂದು ಬರ್ಲೇ ಇಲ್ಲ."

ಆ ಮಾತು ಸುಮಿತ್ರಾಳ ಎದೆಯಲ್ಲಿ ಇನ್ನೂ ಚುಚ್ಚುತ್ತಿತ್ತು.

ನಿನ್ನೆ ಸುನಂದಮ್ಮ ಮಿಸ್ ಕುದುರೆ ರೇಸುಗಳ ಬಗ್ಗೆ ಹೇಳಿದ್ದರು. ಬಯಲಲ್ಲಿ ಓಡುವುದು, ಬೇಲಿ ಹಾರುವುದು, ಗಾಡಿ ಕಟ್ಟಿ ಓಡಿಸುವುದು, ದಿನವಿಡೀ ಕಾಡುಮೇಡು ದಾಟುವುದು. "ಇಟಲಿಯಲ್ಲಿ ಸಿಯೆನಾ ಅಂತ ಊರು. ಅಲ್ಲಿ ಸವಾರ ಬಿದ್ದೋದ್ರೂ ಪರವಾಗಿಲ್ಲ. ಕುದುರೆ ಒಂದೇ ಮೊದ್ಲು ಬಂದ್ರೂ ಗೆಲುವು ಅದರದ್ದೇ," ಅಂದಾಗ ಇಡೀ ಕ್ಲಾಸು ನಕ್ಕಿತ್ತು. ಸುಮಿತ್ರಾ ನಕ್ಕಿರಲಿಲ್ಲ.

ಪಿ.ಟಿ. ಮಾಸ್ತರು ರುದ್ರಸ್ವಾಮಿ ಸೀಟಿ ಊದಿದರು. ಜೋಡಿಗಳು ಧೂಳೆಬ್ಬಿಸಿ ಹೊರಟವು.

ಅರ್ಧ ದಾರಿಗೇ ಕಾಂತರಾಜನಿಗೆ ಏದುಸಿರು. "ನಿಧಾನ ಕಣೇ," ಎಂದು ಹಗ್ಗ ಜಗ್ಗಿದ. ಅದು ಸೊಂಟವನ್ನು ಒತ್ತಿ ಉರಿಸಿತು. ಪಕ್ಕದಲ್ಲೇ ಚೈತ್ರಳ ಜೋಡಿ ಮುಂದೆ ಹೋಯಿತು.

ಹೋದ ವರ್ಷ ಸುಮಿತ್ರಾ ಅವನಿಗಾಗಿ ನಿಧಾನ ಮಾಡಿದ್ದಳು. ಈ ಸಲ ಮಾಡಲಿಲ್ಲ.

ಧೊಪ್ಪನೆ ಸದ್ದಾಯಿತು. ಹಗ್ಗ ಹಗುರಾಯಿತು. ತಿರುಗಿ ನೋಡಿದರೆ ಸವಾರ ನೆಲದಲ್ಲಿ ಕೂತು, ಹಾರಿಹೋದ ಟೋಪಿ ಹುಡುಕುತ್ತಿದ್ದ.

"ನಿಂತ್ಕೊಳೇ, ಕಾಂತು ಬಿದ್ದ," ಎಂದು ಹುಡುಗರು ಕೂಗಿದರು.

ಅವಳು ಓಡಿದಳು. ಹಗ್ಗದ ತುದಿಗಳು ಬಾಲದಂತೆ ಹಾರಿದವು. ಚೈತ್ರಳ ಜೋಡಿಯನ್ನು ದಾಟಿದಳು, ಸುಣ್ಣದ ಗೆರೆ ದಾಟಿದಳು, ಕಾಂಪೌಂಡ್ ಗೋಡೆ ಮುಟ್ಟಿಯೇ ನಿಂತಳು.

ಮಾಸ್ತರು ಅಭ್ಯಾಸಬಲದಿಂದ ಮೈಕು ಎತ್ತಿದರು. "ಕುದುರೆ ಓಟ, ಪ್ರಥಮ ಸ್ಥಾನ, ಕಾಂತ..."

"ಕಾಂತರಾಜ್ ಅಲ್ ಬಿದ್ದವ್ನೆ ಸಾ," ಸುಮಿತ್ರಾ ಮೈದಾನದ ನಡುವೆ ಬೆರಳು ತೋರಿಸಿದಳು. "ಇಲ್ಲಿಗ್ ಬಂದಿರೋಳು ನಾನು."

ಮಕ್ಕಳು ಗೊಳ್ಳೆಂದರು. ಮಾಸ್ತರು ಗಂಟಲು ಸರಿಮಾಡಿಕೊಂಡರು. "ಸವಾರ ಇಲ್ದೆ ಬಂದ್ರೆ ಔಟು ಕಣಮ್ಮ."

"ಔಟಾದ್ರೆ ಅವನ ಹೆಸ್ರು ಯಾಕೆ ಕೂಗಿದ್ರಿ ಸಾ?"

ಮಾಸ್ತರು ಮೈಕು ಕೆಳಗಿಳಿಸಿದರು.

"ಸಿಯೆನಾದಲ್ಲಿ ಕುದುರೆ ಒಂದೇ ಬಂದ್ರೂ ಗೆಲ್ತದೆ. ಮಿಸ್ಸೇ ಹೇಳವ್ರೆ."

"ಅವಳೇ ಫಸ್ಟು ಸಾ," ಅಂದಳು ಚೈತ್ರ. "ನಮ್ಮನ್ನ ದಾಟ್ಕಂಡು ಹೋದ್ಲು."

ಸುನಂದಮ್ಮ ಮಿಸ್ ಕುರ್ಚಿಯಿಂದ ಎದ್ದರು. "ಹೌದು, ನಾನೇ ಹೇಳಿದ್ದೆ. ಕುದುರೆಗೂ ಒಂದು ಹೆಸರಿದೆ ಸರ್. ಕೂಗಿ."

"ಪ್ರಥಮ ಸ್ಥಾನ, ಸುಮಿತ್ರಾ," ಅಂದರು ಮಾಸ್ತರು.

"ಇನ್ನೊಂದ್ ಸಲ ಸಾ. ಜೋರಾಗಿ."

ಮೈಕು ಮತ್ತೆ ಕೂಗಿತು. ಹೆಸರು ಹೊಲ ದಾಟಿ ಹೋಯಿತು.

ಸಂಜೆ ಅಜ್ಜಿ ಹಾಡಿಯ ದಾರಿಯಲ್ಲೇ ನಿಂತಿದ್ದಳು. "ಎರಡೆರಡು ಸಲ ಯಾಕ್ ಕೂಗ್ತು ಮಗಾ? ನಾನೇನ್ ಕಿವುಡೀನಾ?" ಎಂದು ನಕ್ಕಳು. ಆಮೇಲೆ ಕಣ್ಣು ಕಿರಿದು ಮಾಡಿ, "ಆ ಹಗ್ಗ ಇನ್ನೂ ಯಾಕ್ ಕಟ್ಕಂಡಿದೀಯೆ?" ಅಂದಳು.

ಸುಮಿತ್ರಾ ಬಗ್ಗಿ ನೋಡಿಕೊಂಡಳು. ಗಂಟು ಮುಂದೆಯೇ ಇತ್ತು, ಅವಳ ಕೈಗೆ ಎಟಕುವ ಹಾಗೆ. ಹೋದ ವರ್ಷವೂ ಅಲ್ಲೇ ಇತ್ತು.

ಒಂದು ತುದಿ ಹಿಡಿದು ಎಳೆದಳು. ಬಿಚ್ಚಿಕೊಂಡಿತು.